ಹಿಂದಿನ ಎರಡು ದೊಡ್ಡ ಚಕ್ರಗಳು

ನಮ್ಮ ಪಿಕಪ್ಪಿನ ಹಿಂದಿನ ಚಕ್ರಗಳು ಅಳತೆ ಮೀರಿ ದೊಡ್ಡವು ಎಂಬ ದೂರು ಹನ್ನೊಂದು ವರ್ಷ ಯಾರಿಂದಲೂ ಬಂದಿರಲಿಲ್ಲ. ಬಂದದ್ದು ನನ್ನಾಕೆ ಹಳೆಯ ಕುರ್ಚಿ, ಮೇಜು ದುರಸ್ತಿ ಮಾಡುವ ಕೆಲಸ ಹಿಡಿದ ಮೇಲೆ.

ಪಿಕಪ್ ನನಗಿಂತ ಎರಡು ವರ್ಷ ಹಿರಿಯದು. ದುಂಡು ದೀಪ, ಉಬ್ಬಿದ ಮಡ್‌ಗಾರ್ಡು, ಬಾಗಿಲು ಮುಚ್ಚಿದರೆ ಬೀರು ಮುಚ್ಚಿದಂತಹ ಸದ್ದು. ಕೊಂಡ ಹೊಸದರಲ್ಲಿ ಅದಕ್ಕೆ ಗಾಂಭೀರ್ಯ ಸಾಲದೆಂದು ನನಗೆ ಅನ್ನಿಸಿತು. ಹಿಂದಕ್ಕೆ ಎರಡು ಭಾರಿ ಚಕ್ರ ಹಾಕಿಸಿದೆ. ಅಂದಿನಿಂದ ಅದರ ಹಿಂಭಾಗ ಮೇಲೆ, ಮೂತಿ ಕೆಳಗೆ. ನನ್ನ ಕಣ್ಣಿಗೆ ಅದು ನೆಗೆಯಲು ಸಿದ್ಧವಾದ ಹುಲಿ. ನನ್ನಾಕೆಯ ಕಣ್ಣಿಗೆ, ಬಿದ್ದ ಓಲೆಯನ್ನು ಬಗ್ಗಿ ಹುಡುಕುತ್ತಿರುವ ಹೆಂಗಸು.

ಭಾನುವಾರ ಸಂಜೆ ನಾನು ಅದನ್ನು ಕೆರೆಯ ದಂಡೆಯವರೆಗೆ ನಿಧಾನವಾಗಿ ಓಡಿಸಿಕೊಂಡು ಹೋಗಿ ಬರುತ್ತೇನೆ. ವಾರದಲ್ಲಿ ಜನ ನನ್ನನ್ನು ತಿರುಗಿ ನೋಡುವುದು ಆ ಒಂದು ಗಂಟೆ ಮಾತ್ರ. (ಉಳಿದ ದಿನ ನಾನು ಭೌತಶಾಸ್ತ್ರದ ಮೇಷ್ಟ್ರು. ತರಗತಿಯಲ್ಲೂ ಯಾರೂ ನೋಡುವುದಿಲ್ಲ.)

ಹೀಗಿರಲು ನಮ್ಮ ಶಾಲೆಯದೇ ನಲವತ್ತು ಕುರ್ಚಿಗಳ ದುರಸ್ತಿ ನನ್ನಾಕೆಗೆ ಸಿಕ್ಕಿತು. ಸೋಮವಾರ ಬೆಳಿಗ್ಗೆ ತಲುಪಿಸಬೇಕು. ಅದು ಅವಳ ಮೊದಲ ದೊಡ್ಡ ಕೆಲಸ. ಶನಿವಾರ ಪ್ರಯೋಗಾರ್ಥ ಆರು ಕುರ್ಚಿ ಹೇರಿ ನೋಡಿದಳು. ಒಂದು ಕುರ್ಚಿಯನ್ನು ಮೇಲಕ್ಕೇರಿಸಲು ಇನ್ನೊಂದು ಕುರ್ಚಿಯ ಮೇಲೆ ನಿಲ್ಲಬೇಕಾಯಿತು. ಬೀದಿಯ ತಿರುವಿನಲ್ಲಿ ನಾನು ಬ್ರೇಕ್ ಒತ್ತಿದೊಡನೆ ಆರೂ ಕುರ್ಚಿಗಳು ಮುಂದಕ್ಕೆ ಜಾರಿ ನನ್ನ ಬೆನ್ನ ಹಿಂದಿನ ತಗಡಿಗೆ ಬಡಿದವು.

"ರೀ, ಆ ಚಕ್ರ ಬಿಚ್ಚಿಸಿಬಿಡಿ. ಹಳೇವು ಶೆಡ್ಡಲ್ಲೇ ಇದಾವಲ್ಲ."

"ಬಿಚ್ಚಿಸೋದ್ಯಾಕೆ? ನಾನೇ ಬಿಚ್ತೀನಿ."

"ನೀವು?"

ಒಂದೇ ಪದ. ಆದರೆ ಅದರಲ್ಲಿ ನಮ್ಮ ಹತ್ತೊಂಬತ್ತು ವರ್ಷದ ದಾಂಪತ್ಯದ ಸಮಗ್ರ ವಿಮರ್ಶೆ ಇತ್ತು. ಸನ್ನೆಕೋಲಿನ ತತ್ವವನ್ನು ಇಪ್ಪತ್ತೆರಡು ವರ್ಷದಿಂದ ಬೋಧಿಸುತ್ತಿರುವವನು ನಾನು ಎಂದು ನೆನಪಿಸಿದೆ. ಹಾಗಿದ್ದರೆ ಒಂದು ಒಪ್ಪಂದ ಇರಲಿ ಎಂದಳು. ಭಾನುವಾರ ಸೂರ್ಯ ಮುಳುಗುವುದರೊಳಗೆ ನಾನೊಬ್ಬನೇ ಎರಡೂ ಚಕ್ರ ಬದಲಿಸಿದರೆ ಭಾನುವಾರದ ಸಂಜೆಗಳು ನನ್ನವಾಗಿಯೇ ಉಳಿಯುತ್ತವೆ. ಇಲ್ಲವಾದರೆ ಗಾಡಿಯ ಕೀಲಿ ಏಳು ದಿನವೂ ಅವಳ ಬಳಿ. ನಾನು ಒಪ್ಪಿದೆ. ನಕ್ಕೆ ಕೂಡ.

ಬಲಗಡೆಯ ಚಕ್ರದ ಆರು ನಟ್ಟುಗಳು ಹೇಳಿದ ಮಾತು ಕೇಳಿದವು. ಚಕ್ರ ಮಾತ್ರ ಮಡ್‌ಗಾರ್ಡಿನೊಳಗೆ ಸಿಕ್ಕಿಕೊಂಡು, ಗಾಳಿ ಬಿಟ್ಟ ಮೇಲೆ ಹೊರಬಂತು. ಮಧ್ಯಾಹ್ನದ ಊಟಕ್ಕೆ ಮುಂಚೆ ಆ ಬದಿಗೆ ಹಳೆಯ ಚಿಕ್ಕ ಚಕ್ರ ಕೂತಿತ್ತು. ಗಾಡಿ ಈಗ ಒಂದು ಕಡೆಗೆ ವಾಲಿ, ಗುಟ್ಟು ಕೇಳಿಸಿಕೊಳ್ಳುವವರ ಹಾಗೆ ನಿಂತಿತ್ತು. ಊಟದ ಹೊತ್ತಿನಲ್ಲಿ, ಕಷ್ಟ ಏನೂ ಇಲ್ಲ, ತತ್ವ ಗೊತ್ತಿರಬೇಕು ಅಷ್ಟೆ ಎಂದು ನನ್ನಾಕೆಗೆ ಹೇಳಿದೆ. ಅವಳು ಇನ್ನೊಂದು ಸ್ವಲ್ಪ ಅನ್ನ ಬಡಿಸಿದಳು.

ಎಡಗಡೆಯ ಚಕ್ರ ಬೇರೆ ಸ್ವಭಾವದ್ದು. ಮೊದಲ ನಟ್ಟು ಅಲುಗಲಿಲ್ಲ. ಎರಡನೆಯದೂ ಅಷ್ಟೆ. ತುಕ್ಕು ಎಂದು ತೀರ್ಮಾನಿಸಿ ಎಣ್ಣೆ ಬಿಟ್ಟೆ. ಆಮೇಲೆ ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಹಾಕಿದೆ. ಸ್ಪ್ಯಾನರಿನ ಹಿಡಿಗೆ ನಾಲ್ಕು ಅಡಿ ಪೈಪು ಸಿಕ್ಕಿಸಿ, ತುದಿಯಲ್ಲಿ ನನ್ನ ಎಂಬತ್ತೊಂದು ಕಿಲೋ ನಿಂತರೆ ಜಗತ್ತಿನ ಯಾವ ನಟ್ಟೂ ತಡೆಯಲಾರದು. ಲೆಕ್ಕ ಸರಿಯಾಗಿಯೇ ಇತ್ತು. ಎರಡು ಗಂಟೆ ಕಾಲ ನಾನು ಒಂದೊಂದೇ ನಟ್ಟಿಗೆ ಪೈಪು ಹಾಕಿ, ಹತ್ತಿ ನಿಂತು, ಮೆಲ್ಲಗೆ ಕುಪ್ಪಳಿಸಿದೆ. ಕೊನೆಗೆ ಒಂದು ಟಕ್ ಎಂದಿತು.

ಒಂದು ಬಂತು ಎಂದು ಒಳಗೆ ಕೇಳುವಂತೆ ಹೇಳಿದೆ. ನಟ್ಟಿನ ಜೊತೆ ಅರ್ಧ ಬೋಲ್ಟೂ ಮುರಿದು ಬಂದಿತ್ತು. ಆ ವಿವರ ಅನಗತ್ಯವೆನಿಸಿತು.

ನನ್ನಾಕೆ ಕೈಗೆ ಮೆತ್ತಿದ ಗೋಂದು ಒರೆಸಿಕೊಳ್ಳುತ್ತ ಬಂದಳು. ಗೋಡೆಯ ಲೆಕ್ಕ ಓದಿದಳು. ಮುರಿದ ಬೋಲ್ಟು ನೋಡಿದಳು.

"ಯಾವ ಕಡೆಗೆ ತಿರುಗಿಸ್ತಾ ಇದ್ದೀರಿ?"

"ಬಿಚ್ಚೋ ಕಡೆಗೆ."

"ಅದು ಬಲಗಡೆ ಚಕ್ರಕ್ಕೆ. ಇದು ಹಳೇ ಗಾಡಿ, ಎಡಗಡೇದು ಉಲ್ಟಾ ತಿರುಪು ಇರಬಹುದು."

"ಲೋಕದಲ್ಲಿರೋ ತಿರುಪೆಲ್ಲ ಒಂದೇ ಕಡೆಗೆ ಬಿಚ್ಚುತ್ತೆ ಕಣೇ."

"ನಮ್ಮ ಟೇಬಲ್ ಫ್ಯಾನಿನ ರೆಕ್ಕೆ ಹಿಡ್ಕೊಂಡಿರೋ ತಿರುಪು?"

ನಾನು ಯೋಚಿಸಿದೆ. ಆ ಫ್ಯಾನಿನ ಮುಂದೆ ಮಲಗಿ ಸಾಕಷ್ಟು ಯೋಚಿಸಿದ್ದೇನೆ. ಆದರೆ ಈ ವಿಷಯ ಬಂದಿರಲಿಲ್ಲ.

"ಬಿಡಿ, ನಿಮಗೆ ಗೊತ್ತಾಗಲ್ಲ. ಮದುವೆ ಆದಾಗಿಂದ ಅದನ್ನ ಬಿಚ್ಚಿ ಧೂಳು ಒರೆಸ್ತಾ ಇರೋಳು ನಾನು. ತಿರುಗ್ತಾ ತಿರುಗ್ತಾ ತಾನೇ ಸಡಿಲ ಆಗಬಾರದು ಅಂತ ಉಲ್ಟಾ ಇಟ್ಟಿರ್ತಾರೆ."

ಎರಡು ಗಂಟೆ ಕಾಲ ನಾನು ವೈಜ್ಞಾನಿಕವಾಗಿ ಬಿಗಿ ಮಾಡಿದ್ದನ್ನು ಸಡಿಲಿಸಲು ಈಗ ಪೈಪಿನ ಮೇಲೆ ಇಬ್ಬರೂ ನಿಲ್ಲಬೇಕಾಯಿತು. ಉಳಿದ ಐದು ನಟ್ಟುಗಳು ಬಂದವು. ಚಿಕ್ಕ ಚಕ್ರ ಕೂತು, ಗಾಡಿ ಎಲ್ಲ ಗಾಡಿಗಳಂತೆ ಸಮನಾಗಿ ನಿಂತಿತು. ಸೂರ್ಯ ಇನ್ನೂ ಇದ್ದ. ಆದರೆ "ನಾನೊಬ್ಬನೇ" ಎಂಬ ಷರತ್ತು ಮುಳುಗಿತ್ತು. ಅವಳು ಮೊಳೆಯಲ್ಲಿ ತೂಗುತ್ತಿದ್ದ ಕೀಲಿಯನ್ನು ತೆಗೆದು ತನ್ನ ಗೊಂಚಲಿಗೆ ಸೇರಿಸಿಕೊಂಡಳು.

ರಾತ್ರಿ ನನ್ನ ಮುಖ ನೋಡಿ ಅವಳಿಗೇ ಕನಿಕರವಾಗಿರಬೇಕು. "ನಾನಿಲ್ಲದೆ ಒಂದೇ ಒಂದು ಚಕ್ರ ಬಿಚ್ಚಿ ತೋರಿಸಿ. ಭಾನುವಾರ ವಾಪಸ್ ಕೊಡ್ತೀನಿ" ಎಂದಳು.

ಅವಕಾಶ ಮರುದಿನವೇ ಬಂತು. ಮುರಿದ ಬೋಲ್ಟಿಗೆ ಮರ್ಯಾದೆ ಕೊಟ್ಟು ನಿಧಾನವಾಗಿ ಓಡಿಸಿಕೊಂಡು ಅವಳು ಮೊದಲ ಇಪ್ಪತ್ತು ಕುರ್ಚಿಗಳನ್ನು ಶಾಲೆಗೆ ತಂದಳು. ನಾನು ಇಳಿಸಿದೆ. ಅಲ್ಲೇ ಮುಖ್ಯೋಪಾಧ್ಯಾಯಿನಿಯವರ ಕಾರು ಗಾಳಿ ಹೋಗಿ ಕೂತಿತ್ತು. ಹಿಂದಿನ ಎಡ ಚಕ್ರ. ಅವರಿಗೆ ಹನ್ನೊಂದು ಗಂಟೆಗೆ ಬೇರೆ ಕಡೆ ಸಭೆ.

"ಇವರೇ ಬಿಚ್ಚಿಕೊಡ್ತಾರೆ ಮೇಡಂ. ನಿನ್ನೆ ತಾನೇ ಎರಡು ಬಿಚ್ಚಿದ್ದಾರೆ" ಎಂದು ಹೇಳಿ, ನನ್ನ ಕಡೆ ನೋಡಿ ನಕ್ಕು, ನನ್ನಾಕೆ ಎರಡನೇ ಹೇರಿಗೆ ಹೊರಟುಹೋದಳು.

ಹತ್ತನೇ ತರಗತಿಗೆ ಅದು ನನ್ನ ಪಾಠದ ಹೊತ್ತು. ಪ್ರತ್ಯಕ್ಷ ಪಾಠವೇ ಆಗಲಿ ಎಂದು ಎಲ್ಲರನ್ನೂ ಕಾರಿನ ಸುತ್ತ ನಿಲ್ಲಿಸಿದೆ. ಎಡ ಚಕ್ರದ ತಿರುಪು ಉಲ್ಟಾ ಇರುತ್ತದೆ, ಸಾಮಾನ್ಯ ಜನ ಇಲ್ಲೇ ಎಡವುತ್ತಾರೆ ಎಂದು ವಿವರಿಸಿದೆ. ಮನೆಯಲ್ಲಿ ನಾವು ಫ್ಯಾನ್ ಒರೆಸುವಾಗಿನ ಅನುಭವವನ್ನೂ ಹೇಳಿದೆ. (ನಾವು ಎಂಬುದು ಗೌರವಾರ್ಥಕ ಬಹುವಚನ.) ಮೊದಲ ಬಾರಿಗೆ ಮಕ್ಕಳೆಲ್ಲ ಬರೆದುಕೊಂಡರು. ನಂತರ ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ, ಮೈಭಾರವೆಲ್ಲ ಹಾಕಿ ಸ್ಪ್ಯಾನರ್ ಒತ್ತಿದೆ.

"ಸಡಿಲ ಆಯ್ತಾ ಮೇಷ್ಟ್ರೇ?" ಮುಖ್ಯೋಪಾಧ್ಯಾಯಿನಿ ಕೈಗಡಿಯಾರ ನೋಡಿಕೊಂಡು ಕೇಳಿದರು.

"ಆಗ್ತಾ ಇದೆ ಮೇಡಂ."

ನಾಲ್ಕನೇ ನಟ್ಟಿನ ಮೇಲೆ ನಿಂತಿದ್ದಾಗ ಪಿಕಪ್ ಗೇಟಿನೊಳಗೆ ಬಂತು. ನನ್ನಾಕೆ ಇಳಿದು, ಒಂದು ನಿಮಿಷ ನೋಡಿ, ಹತ್ತಿರ ಬಂದು ನನಗಷ್ಟೇ ಕೇಳುವಂತೆ ಹೇಳಿದಳು.

"ಇದು ಈಗಿನ ಕಾರು ರೀ. ಇದರಲ್ಲಿ ಎರಡೂ ಬದಿ ಒಂದೇ ಕಡೆಗೆ ಬಿಚ್ಚೋದು."

ಸ್ಪ್ಯಾನರ್ ಅವಳ ಕೈಗೆ ಹೋಯಿತು. ಅಷ್ಟರಲ್ಲಿ ಬೆಲ್ ಹೊಡೆಯಿತು. ಮುಂದಿನ ಪಾಠವೂ ಹತ್ತನೇ ತರಗತಿಗೇ ಇತ್ತು. ಹೋಗಿ ಪಾಠ ಮಾಡಿ ಎಂದಳು. ನಾನು ಹೋಗಿ, ಕಪ್ಪುಹಲಗೆ ಒರೆಸಿ, ತಿರುಗಿ ನೋಡಿದೆ. ತರಗತಿಯಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಕಾರಿನ ಹತ್ತಿರವೇ ಇದ್ದರು, ಬರೆದುಕೊಂಡದ್ದನ್ನು ಹೊಡೆದು ಹಾಕುತ್ತ.