ಶೌಚಾಲಯಕ್ಕೆ ದಾನಿ ಬೇಕಾಗಿದ್ದಾರೆ

ಸರ್ಕಾರಿ ಕಾಲೇಜಿನ ಅಭಿವೃದ್ಧಿ ಸಮಿತಿಗೆ ಸೇರಿದ ಮೇಲೆ, ನಾನು ಎದುರಿಗೆ ಬಂದರೆ ಸಾಕು, ಪರಿಚಯದವರೆಲ್ಲ ಫೋನ್ ಕಿವಿಗಿಟ್ಟುಕೊಂಡು ಪಕ್ಕದ ಗಲ್ಲಿಗೆ ನುಗ್ಗುತ್ತಾರೆ. ನುಗ್ಗಲಿ, ಶಿವಮೊಗ್ಗ ಎಷ್ಟು ದೊಡ್ಡದು ಮಹಾ? ಸಿಕ್ಕೇ ಸಿಗ್ತಾರೆ. ಹೀಗೆ ಸಿಕ್ಕವರ ಕತೆಗಳೇ ಇವು.

ಈ ಸಲ ನಾವು ದಾನ ಕೇಳೋಕೆ ಹೊರಟಿದ್ದು ಹುಡುಗಿಯರ ಶೌಚಾಲಯಕ್ಕೆ. ಹಳೆಯದು ಕುಸಿದು ಬಿದ್ದಿತ್ತು. ಪಾಪ, ಹುಡುಗಿಯರು ಬೆಳಿಗ್ಗೆಯಿಂದ ಸಂಜೆವರೆಗೆ ನೀರೇ ಕುಡಿಯದೆ ಕೂರುತ್ತಿದ್ದರು. ಕೇಳಿ ನನಗೆ ತಡೆಯಲಾಗಲಿಲ್ಲ. "ಒಂದು ತಿಂಗಳಲ್ಲಿ ದಾನಿನ ಹಿಡ್ಕೊಂಡು ಬರ್ತೀನಿ" ಅಂತ ಸಭೆಯಲ್ಲಿ ಮೇಜು ಕುಟ್ಟಿ ಹೇಳಿದೆ.

೧. ಫ್ಯಾನು

ಕೋಟೆ ಕಡೆಯ ಬಟ್ಟೆ ಅಂಗಡಿ ಯಜಮಾನರು ಹಿಂದೆ ಕಾಲೇಜಿಗೆ ಫ್ಯಾನು ಕೊಟ್ಟವರು. ಮೂರೂ ರೆಕ್ಕೆ ಮೇಲೆ ಅವರದೇ ಹೆಸರು. ಮೊದಲು ಅಲ್ಲಿಗೇ ಹೋದೆ.

"ಕೊಡೋಣ ಸಾರ್, ಆದ್ರೆ ನಂದೊಂದು ಕಂಪ್ಲೇಂಟು. ಮೊನ್ನೆ ಬಂದು ನೋಡಿದ್ರೆ ಫ್ಯಾನು ತಿರುಗ್ತಾನೇ ಇತ್ತು."

"ಫ್ಯಾನು ತಿರುಗ್ಬೇಕಲ್ವಾ?"

"ತಿರುಗಿದ್ರೆ ಹೆಸರು ಕಾಣಲ್ಲ ಮಾರಾಯ್ರೆ!"

ಮೆಲ್ಲಗೆ ಶೌಚಾಲಯದ ಮಾತು ಎತ್ತಿದೆ. ಯಜಮಾನರು ಮುಖ ಹುಳ್ಳಗೆ ಮಾಡಿಕೊಂಡರು.

"ಅದೆಲ್ಲ ಬೇಡ. ಇನ್ನೊಂದು ಫ್ಯಾನೇ ಕೊಡ್ತೀನಿ, ಸ್ವಲ್ಪ ನಿಧಾನ ತಿರುಗೋದು."

೨. ಅಪ್ಪನ ಹೆಸರು

ಹೊಳೆಹೊನ್ನೂರಿನ ಅಡಿಕೆ ವ್ಯಾಪಾರಿಯದು ಧಾರಾಳ ಕೈ. ಕಾಫಿ ಕೊಟ್ಟು, ಚೆಕ್ ಪುಸ್ತಕ ತಂದು, ಪೆನ್ನಿನ ಮುಚ್ಚಳವನ್ನೂ ತೆಗೆದರು. ಗೆದ್ದೆ ಅಂದುಕೊಂಡೆ.

"ನಮ್ಮಪ್ಪನ ಹೆಸರಿಡಿ ಸಾರ್. ಬಾಗಿಲ ಮೇಲೆ ಫೋಟೋನೂ ಹಾಕಿ, ಹೋಗೋರು ಬರೋರು ಕೈಮುಗೀಲಿ. ಅಂದಹಾಗೆ, ಕಟ್ಟಡ ಯಾವುದು?"

"ಹುಡುಗೀರ ಶೌಚಾಲಯ."

ಪೆನ್ನಿಗೆ ಮುಚ್ಚಳ ಬಿತ್ತು.

"ಅಪ್ಪ ಭಾಳ ನಾಚಿಕೆ ಸ್ವಭಾವದೋರು ಸಾರ್."

೩. ಉದ್ಘಾಟನೆ

ತಿಂಗಳು ಮುಗಿಯೋಕೆ ಎರಡೇ ದಿನ. ಹಾಗಂತ ನಾನು ಸುಮ್ಮನೆ ಕೂರೋ ಪೈಕಿನಾ? ಭದ್ರಾವತಿಗೆ ಬಸ್ ಹತ್ತಿದೆ. ಅಲ್ಲಿ ನಮ್ಮ ಕಾಲೇಜಿನಲ್ಲೇ ಓದಿ ರಿಟೈರಾದ ಟೀಚರಮ್ಮ ಒಬ್ಬರಿದ್ದರು. ನಾನು ವಿಷಯ ಪೂರ್ತಿ ಹೇಳೋಕೂ ಬಿಡಲಿಲ್ಲ.

"ನಮ್ಮ ಕಾಲದಲ್ಲಿ ಶೌಚಾಲಯಾನೇ ಇರ್ಲಿಲ್ಲ, ಮೂರು ವರ್ಷ ನಾನೂ ನೀರು ಕುಡೀದೆ ಹಾಗೇ ಕೂತಿದ್ದೆ. ನಾನು ಕಟ್ಟಿಸ್ತೀನಿ."

"ಹೆಸರು ಯಾರದ್ದು ಹಾಕ್ಲಿ ಮೇಡಂ?"

"ನಂದೇ ಹಾಕಿ, ದಪ್ಪಕ್ಷರದಲ್ಲಿ. ನಾಚಿಕೆ ಪಡೋಕೆ ನಾನೇನು ಕದ್ದಿದೀನಾ?"

ಸುಳ್ಳು ಯಾಕೆ ಹೇಳಲಿ, ನನ್ನ ಕಣ್ಣು ತುಂಬಿ ಬಂತು.

ಕಟ್ಟಡ ಎದ್ದು ನಿಂತಿತು. ಉದ್ಘಾಟನೆ ದಿನ ಬಾಗಿಲಿಗೆ ಟೇಪು ಕಟ್ಟಿದೆವು. ಅದಕ್ಕೆ ಬೆನ್ನು ಹಾಕಿ ಸಮಿತಿ ಅಧ್ಯಕ್ಷರು ಮೈಕ್ ಹಿಡಿದರು. ಹಿಡಿದರೆ ಬಿಡೋ ಆಸಾಮಿ ಅಲ್ಲ ಅವರು. ಕಾಲೇಜಿನ ಇತಿಹಾಸ ಶುರುವಾಗಿ ಮುಕ್ಕಾಲು ಗಂಟೆಯಾದರೂ ಇನ್ನೂ ಅಡಿಗಲ್ಲಿನ ಹತ್ತಿರವೇ ಇದ್ದರು. ಬೆಳಿಗ್ಗೆಯಿಂದ ಕಾದಿದ್ದ ಹುಡುಗಿಯರು ಕೂತಲ್ಲೇ ಚಡಪಡಿಸುತ್ತಿದ್ದರು. ಟೀಚರಮ್ಮ ನೋಡಿದರು, ನೋಡಿದರು, ಎದ್ದೇಬಿಟ್ಟರು. ಸೀದಾ ಬಾಗಿಲಿಗೆ ಹೋಗಿ ಚಿಲಕ ತೆಗೆದು, ಟೇಪು ಮೇಲೆತ್ತಿ ಹಿಡಿದು, "ಬಗ್ಗಿ ಬನ್ರಮ್ಮಾ, ಒಬ್ಬೊಬ್ಬರಾಗಿ" ಅಂದರು.

ಬೆನ್ನ ಹಿಂದೆ ನಡೆದದ್ದು ಅಧ್ಯಕ್ಷರಿಗೆ ಏನು ಗೊತ್ತು? ಅಂತೂ ಇಂತೂ ಭಾಷಣ ಮುಗಿಸಿ, ಕತ್ತರಿ ಹಿಡಿದು ತಿರುಗಿದರು.

"ಈಗ ಉದ್ಘಾಟನೆ!"

ಟೀಚರಮ್ಮ ಹಾಜರಿ ಲೆಕ್ಕ ಒಪ್ಪಿಸೋ ಹಾಗೆ ಹೇಳಿದರು: "ಆಗ್ಲೇ ಹನ್ನೊಂದು ಸಲ ಆಯ್ತು ಸಾರ್."