ಎರಡು ತಲೆಯ ವೈರು

ತಳ್ಳುಗಾಡಿಯ ಮೇಲೆ ಪಾತ್ರೆ ಮಾರುತ್ತ ಭಾಗ್ಯನಗರದಲ್ಲಿ ಸ್ವಂತ ಅಂಗಡಿ ಹಾಕಿದವನು ನಾನು. ನಿಮಗೊಂದು ಬುದ್ಧಿಮಾತು: ಬೇಡದ ಭಾಗಕ್ಕೆ ದುಡ್ಡು ಕೊಡಬೇಡಿ. ಈ ಮಾತು ನಂಬಿಯೇ ನಾನು ಕೆಟ್ಟದ್ದು!

ನನ್ನ ಹೆಂಡತಿ ಗಿರಿಜಾ ನಲವತ್ತೊಂದನೆಯ ವಯಸ್ಸಿಗೆ ಎಸ್ಸೆಸ್ಸೆಲ್ಸಿ ಕಟ್ಟಿದ್ದಳು. ಫಲಿತಾಂಶದ ದಿನ ಅವಳದು ಒಂದೇ ಹಟ.

"ಸೈಬರ್ ಅಂಗಡ್ಯಾಗ ಮಂದಿ ಮುಂದ ನೋಡಂಗಿಲ್ರಿ. ಅತ್ರೂ ನಮ್ಮನ್ಯಾಗ, ನಕ್ರೂ ನಮ್ಮನ್ಯಾಗ."

ಮನೆಯಲ್ಲಿ ಹಳೆಯ ಕಂಪ್ಯೂಟರ್ ಇತ್ತು. ಪಕ್ಕದ ಮನೆಯ ಬಸಣ್ಣ ತನ್ನ ವೈಫೈ ಬಳಸಲು ಒಪ್ಪಿದ್ದ. ಅದನ್ನು ಹಿಡಿಯುವ ವೈರ್‌ಲೆಸ್ ಡಬ್ಬಿಯನ್ನು ಕಿಟಕಿಯಲ್ಲಿಟ್ಟು, ಕಂಪ್ಯೂಟರಿನಿಂದ ಯುಎಸ್‌ಬಿ ವೈರು ಎಳೆದರೆ ಮುಗಿಯಿತು. ಎರಡನ್ನೂ ಕೊಳ್ಳಲು ಹೋದಾಗ ಕಂಪ್ಯೂಟರ್ ಸಾಮಾನಿನ ಅಂಗಡಿಯ ಮಲ್ಲಪ್ಪ ವೈರು ತೋರಿಸಿದ. ಒಂದು ಬಾಲ, ಎರಡು ತಲೆ!

"ಎರಡೂ ತಲಿ ಕಂಪ್ಯೂಟರಿಗೆ ಹಾಕಬೇಕ್ರಿ ಕಾಕಾ. ಈ ಡಬ್ಬಿ ಭಾಳ ಕರೆಂಟ್ ತಿಂತೈತಿ."

"ನಾ ಏನ್ ರಾವಣನ್ನ ಸಾಕಾಕತ್ತೀನೇನು? ಒಂದು ತಲಿ ಕತ್ತರಿಸು, ಅರ್ಧ ರೇಟ್ ಮಾಡು!"

ಅರ್ಧ ತಾಸು ವಾದ ನಡೆಯಿತು. ಕೊನೆಗೆ ಮಲ್ಲಪ್ಪ ಕೈಮುಗಿದು, ಒಂದು ತಲೆ ಕತ್ತರಿಸಿ ಟೇಪು ಸುತ್ತಿಕೊಟ್ಟ. ಗೆದ್ದೆ!

ಮನೆಯಲ್ಲಿ ಡಬ್ಬಿಯ ಹಸಿರು ದೀಪ ಹತ್ತಿತು. ನಾನು ಮೀಸೆಯ ಮೇಲೆ ಕೈಯಾಡಿಸಿದೆ. ಗಿರಿಜಾ ತನ್ನ ಪರೀಕ್ಷೆಯ ನಂಬರು ಒತ್ತಿದಳು. ಅವಳ ಹೆಸರು ಬಂತು. ದೀಪ ಹೋಯಿತು! ಮತ್ತೆ ಹಾಕಿದೆ. ಹೆಸರು ಬಂತು, ದೀಪ ಹೋಯಿತು!

ಅನುಮಾನವೇ ಇಲ್ಲ, ತಪ್ಪು ಬಸಣ್ಣನದು. ಕಿಟಕಿಯಲ್ಲಿ ನಿಂತು ಕೂಗಿದೆ.

"ಬಸಣ್ಣಾ, ವೈಫೈ ಆರಿಸಬ್ಯಾಡೋ! ಗಿರಿಜಾನ ರಿಸಲ್ಟ್ ನೋಡಾಕತ್ತೀವಿ!"

"ನಾ ಮುಟ್ಟೇ ಇಲ್ಲೋ ಮಾರಾಯಾ! ಏನಾತು, ಪಾಸೋ ಫೇಲೋ?"

ಐದೇ ನಿಮಿಷದಲ್ಲಿ ಕಿಟಕಿಯ ಹೊರಗೆ ಓಣಿಗೆ ಓಣಿಯೇ ನಿಂತಿತ್ತು. ಸೈಬರ್ ಅಂಗಡಿಯಲ್ಲಾದರೆ ನಾಲ್ಕೇ ಮಂದಿ ಇರುತ್ತಿದ್ದರು!

ಗಿರಿಜಾ ನನ್ನನ್ನು ನೋಡಿದಳು. ನಾನು ತಲೆ ತಗ್ಗಿಸಿ ಕಿಟಕಿಯ ಪರದೆ ಎಳೆದೆ. ಅವಳು ವೈರನ್ನು ಎತ್ತಿ ಟೇಪು ಸುತ್ತಿದ ಮೊಂಡನ್ನು ಸವರಿದಳು.

"ಇದೇನ್ರಿ?"

"ಬ್ಯಾಡಾದ ತಲಿ. ತಗಸಿ ತಂದೆ."

"ಸುಮ್ನ ಕುಂತಾಗ ಈ ಡಬ್ಬಿಗೆ ಒಂದು ಬಾಯಿ ಸಾಕ್ರೀ. ದುಡ್ಯಾಕ ಹತ್ತಿದ್ರ ಹಸಿವು ಹೆಚ್ಚು, ಎರಡನೇ ಬಾಯಿ ಅದಕ್ಕ. ನಮ್ಮ ವಿಜ್ಞಾನದ ಪುಸ್ತಕದಾಗ ಕರೆಂಟಿನ ಪಾಠನ ಐತಿ."

ಮಲ್ಲಪ್ಪನ ಅಂಗಡಿಗೆ ಓಡಿದೆ. ಹೊಸ ವೈರಿಗೆ ಅವನು ಕೇಳಿದಷ್ಟು ಕೊಟ್ಟೆ. ಅವನು ಗಾಬರಿಯಾದ.

"ಕಾಕಾ, ಮೈಯಾಗ ಆರಾಮಿಲ್ಲೇನ್ರಿ?"

ಎರಡೂ ತಲೆ ಹಾಕಿದ ಮೇಲೆ ದೀಪ ಅಲುಗಲಿಲ್ಲ. ಪುಟ ಪೂರ್ತಿ ಬಂತು. ಗಿರಿಜಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪಾಸು! ವಿಜ್ಞಾನದಲ್ಲಿ ಎಪ್ಪತ್ತೆರಡು! ಅತ್ತಳೋ ನಕ್ಕಳೋ ನನಗೆ ಇಂದಿಗೂ ಗೊತ್ತಿಲ್ಲ. ನನ್ನ ಕಣ್ಣೂ ಮಂಜಾಗಿತ್ತು.

ಆಮೇಲೆ ಪರದೆ ಸರಿಸಿದವಳು ಅವಳೇ.

"ಪಾಸಾಗೀನ್ರೀ!"

"ನಿನ್ನ ಗಂಡಂದೇನಾತವ್ವಾ?" ಬಸಣ್ಣ ಕೇಳಿದ.

"ಅವರ್ದು ವಿಜ್ಞಾನ ಒಂದು ಉಳದೈತಿ!"

ಓಣಿಯೆಲ್ಲ ನಕ್ಕಿತು. ಅವಳು ನನಗೆ ಕಟ್ಟಿದ ಆ ರೇಟನ್ನೂ ಚೌಕಾಸಿ ಮಾಡದೆ ಒಪ್ಪಿಕೊಂಡೆ.