ನಾಯಿ ಮೆಚ್ಚಿದ ಪಿಟೀಲು

ಗೆರೆಯಪ್ಪ ಪಿಟೀಲು ಕಲಿಯಲು ಶುರುಮಾಡಿದ ಮೊದಲನೆಯ ತಿಂಗಳಲ್ಲೇ ಅವನ ಹೆಂಡತಿಯ ಬೆಕ್ಕು ಎದುರುಮನೆಯ ಅಟ್ಟ ಸೇರಿಕೊಂಡಿತು. ಆಮೇಲೆ ಕೆಳಗಿನ ಮನೆಯ ನರ್ಸಮ್ಮನ ಗಿಳಿ ತನ್ನ ಗರಿಗಳನ್ನು ತಾನೇ ಕಿತ್ತುಕೊಂಡು ಬೋಳು ಮೈಯಲ್ಲಿ ಮೂಲೆ ಹಿಡಿಯಿತು. ತಾರಸಿಯ ಗೂಡುಗಳಲ್ಲಿ ಹತ್ತು ವರ್ಷದಿಂದ ಸಂಸಾರ ಮಾಡಿಕೊಂಡಿದ್ದ ಪಾರಿವಾಳಗಳಂತೂ ಹೇಳದೆ ಕೇಳದೆ ಮನೆ ಖಾಲಿ ಮಾಡಿದವು.

ಗೆರೆಯಪ್ಪ ಅವನ ನಿಜವಾದ ಹೆಸರಲ್ಲ. ಸರ್ವೆ ಕಚೇರಿಯಲ್ಲಿ ಇಪ್ಪತ್ತು ವರ್ಷ ನಕ್ಷೆಗಳಿಗೆ ಗೆರೆ ಎಳೆದು ಎಳೆದು ಆ ಹೆಸರು ಅಂಟಿಕೊಂಡಿತ್ತು. “ಗೆರೆ ಎಳೆಯೋ ಕೈಗೆ ಕಮಾನು ಎಳೆಯೋದು ಏನು ಮಹಾ?” ಎಂದುಕೊಂಡೇ ಅವನು ಪಿಟೀಲು ತಂದದ್ದು. ಆರು ತಿಂಗಳಾದರೂ ಅದು ಹಾಡಿರಲಿಲ್ಲ. ಎಣ್ಣೆ ಕಾಣದ ಗೇಟಿನ ಹಾಗೆ ಕಿರ್ರೆನ್ನುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಹೆಂಡತಿ ಎದುರುಮನೆಯ ಅಟ್ಟದಿಂದ ಬೆಕ್ಕನ್ನು ಇಳಿಸಿ ಬುಟ್ಟಿಗೆ ಹಾಕಿಕೊಂಡು ಅಕ್ಕನ ಮನೆಗೆ ಹೊರಟಳು. “ರೀ, ನಾಳೆ ಬರ್ತೀನಿ. ಅಷ್ಟರೊಳಗೆ ಎಷ್ಟು ಬೇಕೋ ಅಷ್ಟು ಕುಯ್ಕೊಂಡು ಮುಗಿಸಿಬಿಡಿ” ಎಂದಳು.

ಅವಳು ಹೋಗಿ ಹತ್ತು ನಿಮಿಷವಾಗಿರಲಿಲ್ಲ, ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಕಚೇರಿಯ ಸಾಹೇಬರು. ಅವರ ಕೈಯಲ್ಲಿ ಒಂದು ಸರಪಳಿ. ಸರಪಳಿಯ ಇನ್ನೊಂದು ತುದಿಯಲ್ಲಿ ಕರುವಿನಷ್ಟು ಎತ್ತರದ ಕಪ್ಪು ನಾಯಿ.

“ಏನಪ್ಪಾ ಗೆರೆಯಪ್ಪ, ಒಂದು ಉಪಕಾರ ಆಗ್ಬೇಕಲ್ಲ. ಸಂಜೆ ಐದರವರೆಗೆ ಇದು ನಿಮ್ಮ ಮನೇಲಿರಲಿ. ಊಟ ಆಗಿದೆ, ಏನೂ ಕೊಡೋದು ಬೇಡ” ಎಂದು ಸರಪಳಿ ಬಿಚ್ಚಿಕೊಂಡು, ನಾಯಿಯನ್ನು ಒಳಗೆ ತಳ್ಳಿ, ದಡದಡನೆ ಮೆಟ್ಟಿಲಿಳಿದು ಹೋದರು.

ಗೆರೆಯಪ್ಪನಿಗೆ ನಾಯಿಮರಿ ಕಂಡರೂ ಎದೆ ಢವಢವ. ದಾರಿಯಲ್ಲಿ ನಾಯಿ ಮಲಗಿದ್ದರೆ ಎರಡು ಬೀದಿ ಬಳಸಿ ಕಚೇರಿಗೆ ಹೋಗುವ ಆಸಾಮಿ. ಆದರೂ ಧೈರ್ಯ ತಂದುಕೊಂಡು ಬಾಗಿಲ ಚಿಲಕ ಹಾಕಿದ. ತಪ್ಪಿಸಿಕೊಂಡು ಹೋದರೆ ಸಾಹೇಬರಿಗೆ ಏನು ಹೇಳುವುದು? ತಿರುಗಿ ನೋಡಿದರೆ ನಾಯಿ ಹತ್ತಿರವೇ ನಿಂತು ಅವನ ಮೊಣಕಾಲನ್ನು ಮೂಸುತ್ತಿತ್ತು. ಒಂದೇ ನೆಗೆತಕ್ಕೆ ಅವನು ಮಂಚದ ಮೇಲಿದ್ದ. ನಾಯಿ ನಿಧಾನವಾಗಿ ನಡೆದು ಬಂದು ಮಂಚಕ್ಕೂ ಬಾಗಿಲಿಗೂ ನಡುವೆ ನಿಂತಿತು.

ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆ ನೆನಪಾಯಿತು. “ಬೊಗಳೋ ಮಾರಾಯ, ಒಂದು ಸಲ ಬೊಗಳು” ಎಂದು ಕೈಮುಗಿದ. ನಾಯಿ ಬೊಗಳಲಿಲ್ಲ. ತುಟಿ ಮೇಲೆತ್ತಿ ಅಷ್ಟೂ ಹಲ್ಲು ತೋರಿಸಿತು. ಗಂಟಲಿನೊಳಗೆ ಗುರ್ರ್ ಎಂದು ಕಲ್ಲು ಬೀಸಿದ ಸದ್ದು.

ಮಂಚದ ಪಕ್ಕದ ಗೋಡೆಯ ಮೊಳೆಯಲ್ಲಿ ಪಿಟೀಲೂ ಕಮಾನೂ ನೇತಾಡುತ್ತಿದ್ದವು. ಹೊಡೆಯಲು ಏನಾದರೂ ಇರಲಿ ಎಂದು ಅವನು ಕಮಾನನ್ನು ಸೆಳೆದು ಮೇಲೆತ್ತಿದ. ತಕ್ಷಣ ನಾಯಿಯ ಹಲ್ಲು ಒಳಗೆ ಹೋದವು. ಅದು ಬಾಲ ಮಡಿಸಿ ಕೂತು ಅವನನ್ನೇ ನೋಡತೊಡಗಿತು.

ಗೆರೆಯಪ್ಪನ ತಲೆಯಲ್ಲಿ ಮಿಂಚು ಹೊಳೆಯಿತು. ಇದೇನು, ಬಾರಿಸು ಅಂತಿದೆಯೇ? ಪಿಟೀಲನ್ನೂ ಇಳಿಸಿ, ಭುಜಕ್ಕಿಟ್ಟು, ಒಂದು ಎಳೆ ಎಳೆದ. ನಾಯಿಯ ಬಾಲ ಅಲ್ಲಾಡಿತು. ಇನ್ನೊಂದು ಎಳೆ ಎಳೆದ. ತಲೆಯೂ ಆಡಿತು, ಎಡಕ್ಕೊಮ್ಮೆ, ಬಲಕ್ಕೊಮ್ಮೆ, ತಾಳ ಹಿಡಿದ ಹಾಗೆ. ಸದ್ಯ ಬದುಕಿದೆ ಎಂದು ಅವನು ನಿಲ್ಲಿಸಿದ. ಹಲ್ಲು ಹೊರಗೆ ಬಂದವು. ಮತ್ತೆ ಬಾರಿಸಿದ, ಹಲ್ಲು ಒಳಗೆ.

ಹೀಗೆ ಒಂದು ಗಂಟೆ ಕಳೆಯಿತು. ಭುಜ ಸೋತಿತು. ಅವನಿಗೊಂದು ಉಪಾಯ ಹೊಳೆಯಿತು. ಮಂಚದ ಪಕ್ಕದ ಗೂಡಿನಲ್ಲಿ ರೇಡಿಯೋ ಇತ್ತು. ಕಾಲಿನ ಹೆಬ್ಬೆರಳಿನಿಂದ ಅದರ ಗುಂಡಿ ಒತ್ತಿದ. ಪುಣ್ಯಕ್ಕೆ ಪಿಟೀಲು ಕಚೇರಿಯೇ ಬರುತ್ತಿತ್ತು. ಯಾರೋ ದೊಡ್ಡ ವಿದ್ವಾಂಸರು, ಜೇನು ಸುರಿದ ಹಾಗೆ ನುಡಿಸುತ್ತಿದ್ದರು. ಗೆರೆಯಪ್ಪ ಮೆಲ್ಲಗೆ ತನ್ನ ಕಮಾನು ಇಳಿಸಿದ. ನಾಯಿ ಎದ್ದು ನಿಂತು, ಮೊದಲಿಗಿಂತ ಎರಡು ಹಲ್ಲು ಹೆಚ್ಚಾಗಿಯೇ ತೋರಿಸಿತು.

ಆ ಭಯದಲ್ಲೂ ಗೆರೆಯಪ್ಪನ ಎದೆಯ ಮೂಲೆಯಲ್ಲೆಲ್ಲೋ ಒಂದು ಹೂವು ಅರಳಿತು. ರೇಡಿಯೋ ವಿದ್ವಾಂಸರು ಬೇಡವಂತೆ. ಇದಕ್ಕೆ ಗೆರೆಯಪ್ಪನೇ ಆಗಬೇಕಂತೆ!

ಅಷ್ಟರಲ್ಲಿ ಮೆಟ್ಟಿಲ ಬದಿಯ ಕಿಟಕಿಯಲ್ಲಿ ಒಂದು ಮುಖ ಕಾಣಿಸಿತು. ಕಟ್ಟಡದ ಸಂಘಕ್ಕೆ ಕಾರ್ಯದರ್ಶಿಯಾಗಿದ್ದ ಸ್ಟೇಷನ್ ಮಾಸ್ತರು. ನಿವೃತ್ತರಾದರೂ ಅವರ ದನಿ ಇನ್ನೂ ಎರಡು ಪ್ಲಾಟ್‌ಫಾರ್ಮ್ ದಾಟುತ್ತಿತ್ತು.

“ಏನ್ರೀ ಇದು? ಬೆಳಗಿನಿಂದ ಬಿಡದೆ ಕುಯ್ತಾ ಇದ್ದೀರಿ. ಈಗಿಂದೀಗ್ಲೇ ನಿಲ್ಲಿಸದಿದ್ರೆ ಸಂಜೆ ಮೀಟಿಂಗ್ ಕರೆದು ಮನೆ ಬಿಡಿಸ್ತೀನಿ!”

“ನಿಲ್ಲಿಸಿದ್ರೆ ಕಚ್ಚುತ್ತೆ ಸಾರ್!”

“ಏನು ಕಚ್ಚುತ್ತೆ? ಪಿಟೀಲಾ?”

“ನಾಯಿ ಸಾರ್, ನಾಯಿ! ಸ್ವಲ್ಪ ಕೆಳಗೆ ನೋಡಿ!”

ಮಾಸ್ತರು ಕೆಳಗೆ ನೋಡಿದರು. ಕಿಟಕಿಯಿಂದ ಅವರ ಮುಖ ಮಾಯವಾಯಿತು. ಎರಡು ನಿಮಿಷದ ಮೇಲೆ ಮೂಡಿ ಬಂದಾಗ ಪಕ್ಕದಲ್ಲಿ ನರ್ಸಮ್ಮನ ಮುಖವೂ ಇತ್ತು, ಹಿಂದೆ ಮೆಟ್ಟಿಲ ತುಂಬ ಮಂದಿ.

“ನಾಯಿ ಯಾವತ್ತಾದ್ರೂ ಸಂಗೀತ ಕೇಳುತ್ತಾ ಅಣ್ಣಾ? ಅದೂ ನಿಮ್ಮದನ್ನ?” ಎಂದಳು ನರ್ಸಮ್ಮ. ಗಿಳಿಯ ನೋವು ಅವಳಿಗಿನ್ನೂ ಹಸಿಯಾಗಿತ್ತು. “ಒಂದು ಸಲ ನಿಲ್ಲಿಸಿ, ನೋಡೇಬಿಡೋಣ.”

“ನಿಲ್ಲಿಸ್ರೀ, ನಾವೆಲ್ಲ ಇದ್ದೀವಲ್ಲ” ಎಂದರು ಮಾಸ್ತರು, ಕಿಟಕಿಯ ಸರಳು ಗಟ್ಟಿಯಾಗಿದೆಯೇ ಎಂದು ಅಲ್ಲಾಡಿಸಿ ನೋಡುತ್ತಾ.

ಗೆರೆಯಪ್ಪ ನಿಲ್ಲಿಸಿದ. ನಾಯಿ ಎರಡೂ ಮುಂಗಾಲನ್ನು ಮಂಚದ ಮೇಲಿಟ್ಟು, ಅವನ ಪಂಚೆಯ ಹತ್ತಿರಕ್ಕೆ ಬಾಯಿ ತಂದು, ಅಷ್ಟೂ ಹಲ್ಲು ಬಿಟ್ಟಿತು.

“ಅಯ್ಯಯ್ಯೋ, ಬಾರಿಸ್ರೀ! ಬಾರಿಸ್ರೀ!” ಮೆಟ್ಟಿಲ ಮೇಲಿದ್ದವರೆಲ್ಲ ಒಂದೇ ಕೊರಳಲ್ಲಿ ಕೂಗಿದರು. ಪಿಟೀಲು ನಿಲ್ಲಿಸಿ ಎಂದು ಆರು ತಿಂಗಳಿಂದ ಕಾಲಿಗೆ ಬೀಳುವುದೊಂದನ್ನು ಬಿಟ್ಟು ಮಿಕ್ಕೆಲ್ಲ ಮಾಡಿದ್ದವರೇ ಈಗ ಬಾರಿಸಿ ಎಂದು ಅಂಗಲಾಚುತ್ತಿದ್ದರು.

ಗೆರೆಯಪ್ಪ ಬಾರಿಸಿದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಮೂಗಲ್ಲಿಯೂ.

ಮಧ್ಯಾಹ್ನದ ಹೊತ್ತಿಗೆ ನರ್ಸಮ್ಮನ ಮನಸ್ಸು ಕರಗಿತು. ಉದ್ದನೆಯ ಪೊರಕೆಯ ಕೋಲಿನ ತುದಿಗೆ ಬ್ರೆಡ್ಡು ಚುಚ್ಚಿ ಕಿಟಕಿಯ ಸರಳುಗಳ ನಡುವೆ ತೂರಿಸಿದಳು. “ಬಾಯಿ ತೆಗೀರಿ ಅಣ್ಣಾ, ಕೈ ನಿಲ್ಲಿಸ್ಬೇಡಿ.” ಗೆರೆಯಪ್ಪ ಬಾರಿಸುತ್ತಲೇ ಬಾಯಿ ತೆರೆದು ಕತ್ತು ಚಾಚಿದ. ನಾಯಿ ಎಗರಿ ಕೋಲು ಹಿಡಿಯಿತು. ಕಟಕ್! ಕೋಲು ಎರಡು ತುಂಡಾಯಿತು. ಬ್ರೆಡ್ಡನ್ನು ಅದು ಮೂಸಿ ಕೂಡ ನೋಡಲಿಲ್ಲ. ತುಂಡುಕೋಲನ್ನು ಉಗುಳಿ, ತಿರುಗಿ ಬಂದು ಮಂಚದ ಮುಂದೆ ಕೂತಿತು.

“ಬ್ರೆಡ್ಡು ಬೇಡ್ವಂತೆ. ಮೂಳೇನೇ ಬೇಕು ಅಂತ ಕಾಣುತ್ತೆ” ಎಂದರು ಮಾಸ್ತರು, ಗೆರೆಯಪ್ಪನ ಬಡಕಲು ಕಾಲುಗಳನ್ನು ನೋಡುತ್ತಾ.

“ನಾನು ಇಂಜೆಕ್ಷನ್ ತಂದಿಟ್ಕೋತೀನಿ. ಕಚ್ಚಿದ ಮೇಲೆ ಹುಡುಕೋಕಾಗಲ್ಲ” ಎಂದು ನರ್ಸಮ್ಮ ಕೆಳಗೆ ಓಡಿದಳು.

ಎರಡು ಗಂಟೆಗೆ ಸಣ್ಣ ತಂತಿ ಟಣ್ ಎಂದು ಹರಿಯಿತು. ಮೂರರ ಸುಮಾರಿಗೆ ಇನ್ನೆರಡು, ಅಣ್ಣತಮ್ಮಂದಿರ ಹಾಗೆ ಒಟ್ಟಿಗೇ ಹೋದವು. ಉಳಿದದ್ದು ಒಂದು ದಪ್ಪ ತಂತಿ. ಅದರಲ್ಲಿ ಬರುತ್ತಿದ್ದ ಸ್ವರವೂ ಒಂದೇ, ಗಂಟಲು ಕಟ್ಟಿದ ಎಮ್ಮೆಯ ನರಳಾಟ. ಪ್ರಾಣವನ್ನೆಲ್ಲ ಆ ಒಂದು ತಂತಿಗೆ ನೇತುಹಾಕಿ ಅವನು ಕಮಾನು ಎಳೆದೇ ಎಳೆದ. ನಾಯಿಯ ಶ್ರದ್ಧೆ ಮಾತ್ರ ಒಂದು ಕೂದಲಿನಷ್ಟೂ ಕಡಿಮೆಯಾಗಲಿಲ್ಲ.

ಕಿಟಕಿಯಾಚೆಗಿನ ದನಿಗಳು ಈಗ ಮೆತ್ತಗಾಗಿದ್ದವು. “ಅಲ್ರೀ, ಒಂದು ಮೂಕಪ್ರಾಣಿ ಬೆಳಗಿನಿಂದ ಕಣ್ಣು ಮಿಟುಕಿಸದೆ ಕೂತಿದೆ ಅಂದ್ರೆ ಈ ಮನುಷ್ಯನ ಕೈಯಲ್ಲಿ ಏನೋ ಇದೆ. ನಮ್ಮ ಕಿವೀನೇ ಸರಿಯಿಲ್ವೇನೋ” ಎಂದು ಮಾಸ್ತರು ಯಾರಿಗೋ ಹೇಳುತ್ತಿದ್ದರು. “ಇನ್ನು ಮೇಲೆ ಅಭ್ಯಾಸಕ್ಕೆ ಯಾರೂ ಅಡ್ಡಿ ಮಾಡೋದು ಬೇಡ.” ಗೆರೆಯಪ್ಪನ ಬಾಗಿದ್ದ ಬೆನ್ನು ಕೊಂಚ ನೆಟ್ಟಗಾಯಿತು. ಬದುಕಿ ಉಳಿದರೆ ತಾನು ದೊಡ್ಡ ಮನುಷ್ಯ!

ಐದಕ್ಕೆ ಹತ್ತು ನಿಮಿಷವಿತ್ತು. ಕೊನೆಯ ತಂತಿ ಹರಿಯಿತು.

ನಾಯಿ ಎದ್ದಿತು. ಮಂಚದ ಮೇಲೆ ಒಂದು ಕಾಲಿಟ್ಟಿತು, ಇನ್ನೊಂದು ಕಾಲಿಟ್ಟಿತು. ಗೆರೆಯಪ್ಪ ಎರಡೂ ಕಣ್ಣು ಮುಚ್ಚಿಕೊಂಡ. “ಅಮ್ಮಾ!” ಎಂದು ಕಿರುಚಿ ಕೈಲಿದ್ದ ಕಮಾನನ್ನು ಕೋಣೆಯ ಮೂಲೆಗೆ ಎಸೆದು, ಪಿಟೀಲನ್ನು ಮುಖಕ್ಕೆ ಅಡ್ಡ ಹಿಡಿದು ಕುಕ್ಕರಿಸಿದ.

ಎಲ್ಲಿ ಕಚ್ಚುತ್ತದೋ ಎಂದು ಕಾದ. ಎಲ್ಲಿಯೂ ಕಚ್ಚಲಿಲ್ಲ. ಒಂದು ಕಣ್ಣು ತೆರೆದು ನೋಡಿದರೆ, ನಾಯಿ ಮೂಲೆಯಿಂದ ಕಮಾನನ್ನು ಹಗುರವಾಗಿ ಕಚ್ಚಿ ತಂದು ಅವನ ಕಾಲ ಬಳಿ ಇಟ್ಟು, ಹಲ್ಲು ಕಿರಿದು, ಬಾಲ ಬೀಸುತ್ತಿತ್ತು.

ಆಗ ಬಾಗಿಲು ಬಡಿದ ಸದ್ದು. ಜೊತೆಗೆ ಸಾಹೇಬರ ದನಿ. ನಾಯಿಯ ಭಯಕ್ಕಿಂತ ಸಾಹೇಬರ ಭಯ ಒಂದು ಗೇಣು ದೊಡ್ಡದು. ಗೆರೆಯಪ್ಪ ಗೋಡೆಗೆ ಹಲ್ಲಿಯ ಹಾಗೆ ಅಂಟಿಕೊಂಡು ಹೋಗಿ ಚಿಲಕ ತೆಗೆದ. ಸಾಹೇಬರ ಬೆನ್ನ ಹಿಂದೆ ಇಡೀ ಕಟ್ಟಡವೇ ಒಳನುಗ್ಗಿತು.

“ಸಾಹೇಬ್ರೇ, ನಿಮ್ಮ ನಾಯಿಗೆ ಇಷ್ಟು ಸಂಗೀತ ಜ್ಞಾನ ಹೇಗೆ ಬಂತು?” ಎಂದು ಕೇಳಿದರು ಮಾಸ್ತರು. “ಬೆಳಗಿನಿಂದ ಇವರ ಪಿಟೀಲು ನಿಲ್ಲಿಸೋಕೇ ಬಿಟ್ಟಿಲ್ಲ.”

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಸಂಗೀತಾನಾ? ಇದಕ್ಕೆ ಹುಟ್ಟಿದಾಗಿನಿಂದ ಕಿವಿ ಕೇಳಲ್ಲ ಮಾಸ್ತರೇ! ತಮಟೆ ಬಡಿದ್ರೂ ಕೇಳಲ್ಲ. ಕೋಲು ಅಂದ್ರೆ ಪ್ರಾಣ. ಇವರು ಆ ಕಮಾನು ಆಡಿಸ್ತಾ ಇದ್ರಲ್ಲ, ಈಗ ಎಸೀತಾರೆ, ಆಗ ಎಸೀತಾರೆ ಅಂತ ಕಾದು ಕೂತಿದೆ ಅಷ್ಟೆ.”

“ಮತ್ತೆ ಆ ಹಲ್ಲು, ಆ ಗುರ್ರ್ ಸಾರ್?” ಗೆರೆಯಪ್ಪನ ದನಿ ಬಾವಿಯಿಂದ ಬಂದಂತಿತ್ತು.

“ಅದು ನಗೋದೇ ಹಾಗೆ.”

ಎಲ್ಲರ ಕಣ್ಣು ಗೆರೆಯಪ್ಪನ ಮೇಲೆ ಬಿತ್ತು. ಮಾಸ್ತರ ಮುಖದಲ್ಲಿದ್ದ ಗೌರವ, ರೈಲು ಹೊರಟ ಮೇಲಿನ ಹೊಗೆಯ ಹಾಗೆ ತೆಳ್ಳಗಾಗಿ ಕರಗಿತು. ಗೆರೆಯಪ್ಪ ಹೇಗೋ ಸಾವರಿಸಿಕೊಂಡು, “ಹಾಗಾದ್ರೆ ಕರ್ಕೊಂಡು ಹೋಗಿ ಸಾರ್” ಎಂದ.

“ಕರ್ಕೊಂಡು ಹೋಗೋದಾ?” ಸಾಹೇಬರು ಅವನ ಭುಜ ತಟ್ಟಿದರು. ಆ ಭುಜ ಆಗಲೇ ಸತ್ತಿತ್ತು. “ನಾಳೆಯಿಂದ ನನಗೆ ಮೂರು ತಿಂಗಳು ಪರವೂರಲ್ಲಿ ಟ್ರೈನಿಂಗು. ನಾಯೀನ ಎಲ್ಲಿ ಬಿಡೋದು ಅಂತ ಕಚೇರೀಲಿ ವಿಚಾರಿಸಿದೆ. ‘ಗೆರೆಯಪ್ಪನ ಮನೇಲಿ ಜಾಗ ಇದೆ, ಆದ್ರೆ ಅವನ ಪಿಟೀಲಿಗೆ ಯಾವ ಪ್ರಾಣೀನೂ ನಿಲ್ಲಲ್ಲ’ ಅಂದ್ರು ಎಲ್ಲರೂ. ನಿಲ್ಲೋ ಪ್ರಾಣಿ ನನ್ನ ಹತ್ರಾನೇ ಇದೆಯಲ್ಲ ಅನ್ನಿಸ್ತು. ಪರೀಕ್ಷೆಗೆ ಅಂತ ಒಂದು ದಿನ ಬಿಟ್ಟಿದ್ದೆ. ಪಾಸಾಯ್ತು!”

ಗೆರೆಯಪ್ಪ ಹಿಂದೆ ಸರಿಯುವ ಮೊದಲೇ ಸಾಹೇಬರು ಸರಪಳಿಯನ್ನು ಅವನ ಕೈಗಿತ್ತು ಹೊರಟರು.

ಸಂಘದ ಸಭೆ ಐದೇ ನಿಮಿಷದಲ್ಲಿ ಮೆಟ್ಟಿಲ ಮೇಲೆಯೇ ನಡೆಯಿತು. ಪಿಟೀಲಿಗೆ ಹೊಸ ತಂತಿ ಹಾಕಿಸಕೂಡದು, ನಾಯಿಗೆ ಅದರ ಅಗತ್ಯವಿಲ್ಲ ಎಂದು ಒಮ್ಮತದಿಂದ ತೀರ್ಮಾನವಾಯಿತು.

ಮರುದಿನ ಬೆಳಿಗ್ಗೆ ನರ್ಸಮ್ಮ ಕೆಲಸಕ್ಕೆ ಹೊರಟವಳು ಕಿಟಕಿಯಲ್ಲಿ ಇಣುಕಿದಳು. ಗೆರೆಯಪ್ಪ ಮಂಚದ ಮೇಲೆ ನಿಂತು, ಹೆದರಿದ ಕಣ್ಣನ್ನು ನಾಯಿಯ ಮೇಲಿಟ್ಟು, ತಂತಿಯಿಲ್ಲದ ಪಿಟೀಲಿನ ಮೇಲೆ ಕಮಾನು ಆಡಿಸುತ್ತಿದ್ದ. ಒಂದು ಚೂರೂ ಸದ್ದಿಲ್ಲ. ಅವಳು ಸ್ವಲ್ಪ ಹೊತ್ತು ನಿಂತು ನೋಡಿದಳು.

“ಆರು ತಿಂಗಳ ಮೇಲೆ ಇವತ್ತು ಚೆನ್ನಾಗಿ ಬಂತು ನೋಡಿ ಅಣ್ಣಾ” ಎಂದು ಹೇಳಿ ಮೆಟ್ಟಿಲಿಳಿದು ಹೋದಳು.